ಡೊಮೈನ್ ಮಾರಿದ ಮೇಲೆ ವರ್ಗಾವಣೆಗೆ 60 ದಿನದ ತಡೆ: ದಾರಿ ಏನು?

ಕಾಫಿತೋಟ
ಎಲ್ಲರಿಗೂ ನಮಸ್ಕಾರ. ನನ್ನ ಬಳಿಯಿದ್ದ ಒಂದು ಡಾಟ್ ಕಾಂ ಹೆಸರಿಗೆ ಕೊನೆಗೂ ಒಳ್ಳೆಯ ಬೆಲೆ ಕುದುರಿದೆ. ಖರೀದಿದಾರರು ಎಸ್ಕ್ರೋ ಖಾತೆಗೆ, ಅಂದರೆ ಹಸ್ತಾಂತರ ಮುಗಿಯುವವರೆಗೆ ಹಣ ಹಿಡಿದಿಡುವ ಮಧ್ಯವರ್ತಿಗೆ, ಪೂರ್ತಿ ಹಣ ಕಟ್ಟಿದ್ದಾರೆ. ಈಗ ನನ್ನ ರಿಜಿಸ್ಟ್ರಾರ್ (ಡೊಮೈನ್ ನೋಂದಾಯಿಸಿಕೊಡುವ ಕಂಪನಿ) ಖಾತೆಯಲ್ಲಿ ವರ್ಗಾವಣೆಯ ಲಾಕ್ ತೆಗೆಯಲು ಹೋದರೆ, ನೋಂದಣಿ ವಿವರ ಬದಲಾಗಿರುವುದರಿಂದ 60 ದಿನ ವರ್ಗಾವಣೆ ಸಾಧ್ಯವಿಲ್ಲ ಎಂದು ತೋರಿಸುತ್ತಿದೆ. ಕಳೆದ ವಾರ ಇಮೇಲ್ ವಿಳಾಸ ಬದಲಾಯಿಸಿದ್ದೆ; ಹಳೆಯದು ನಾನು ಬಿಟ್ಟ ಕೆಲಸದ್ದು. ಸಹಾಯವಾಣಿಯವರು ಕಾಯಿರಿ ಎನ್ನುತ್ತಾರೆ. ಖರೀದಿದಾರರಿಗೆ ಅವಸರ. ವ್ಯವಹಾರ ಮುರಿದುಬೀಳುವ ಮುನ್ನ ಏನಾದರೂ ದಾರಿ ಇದೆಯೇ?

ತುಂಗಾತೀರ
ಖಾತೆಯ ಪಾಸ್‌ವರ್ಡನ್ನೇ ಅವರಿಗೆ ಕೊಟ್ಟುಬಿಟ್ಟರೆ ಆಗುವುದಿಲ್ಲವೇ?

ಹಳೆಬೇರು
ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ. ಅದೇ ಖಾತೆಯಲ್ಲಿ ನಿಮ್ಮ ಉಳಿದ ಹೆಸರುಗಳಿರುತ್ತವೆ, ಕಾರ್ಡಿನ ವಿವರವಿರುತ್ತದೆ. ನಾಳೆ ತಕರಾರು ಬಂದರೆ ಹೆಸರು ಯಾವಾಗ ಯಾರ ಕೈಸೇರಿತು ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ.

ಕಾಫಿತೋಟ ಅವರೇ, ಇದು ಡಾಟ್ ಕಾಂನಂಥ ಡೊಮೈನ್‌ಗಳಿಗೆ ನಿಯಮ ರೂಪಿಸುವ ಜಾಗತಿಕ ಸಂಸ್ಥೆ ಐಕಾನ್‌ನ ನಿಯಮ, 2016ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ನೋಂದಣಿದಾರರ ಹೆಸರು, ಸಂಸ್ಥೆ, ಇಮೇಲ್ ಇವುಗಳಲ್ಲಿ ಒಂದು ಬದಲಾದರೂ ಡೊಮೈನನ್ನು 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸುವಂತಿಲ್ಲ. ಫೋನ್ ನಂಬರ್ ಅಥವಾ ಅಂಚೆ ವಿಳಾಸ ತಿದ್ದಿದರೆ ಈ ತಡೆ ಬೀಳುವುದಿಲ್ಲ. ಕೆಲವು ರಿಜಿಸ್ಟ್ರಾರ್‌ಗಳು ‘ಈ ತಡೆ ಬೇಡ’ ಎನ್ನುವ ಆಯ್ಕೆ ಕೊಡುತ್ತಾರೆ, ಆದರೆ ಅದನ್ನು ಬದಲಾವಣೆಗೆ ಮೊದಲೇ ಆರಿಸಿರಬೇಕು. ಕಳ್ಳನೊಬ್ಬ ಖಾತೆಗೆ ನುಗ್ಗಿ, ಇಮೇಲ್ ಬದಲಿಸಿ, ಹೆಸರನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸದಿರಲಿ ಎಂದು ಮಾಡಿದ ವ್ಯವಸ್ಥೆ ಇದು. ಹಾಗಾಗಿ ಸಹಾಯವಾಣಿಯ ಜೊತೆ ವಾದಿಸಿ ಫಲವಿಲ್ಲ.

ಆದರೆ ತಡೆ ಇರುವುದು ರಿಜಿಸ್ಟ್ರಾರ್ ಬದಲಿಸುವುದಕ್ಕೆ ಮಾತ್ರ. ಒಂದೇ ರಿಜಿಸ್ಟ್ರಾರ್‌ನಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಲು, ಅಂದರೆ ‘ಪುಷ್’ ಮಾಡಲು, ಅದು ಅಡ್ಡಬರುವುದಿಲ್ಲ. ಖರೀದಿದಾರರು ನಿಮ್ಮ ರಿಜಿಸ್ಟ್ರಾರ್‌ನಲ್ಲೇ ಒಂದು ಖಾತೆ ತೆರೆದು ಗ್ರಾಹಕ ಸಂಖ್ಯೆ ಕೊಡಲಿ. ನೀವು ಅಲ್ಲಿಗೆ ಪುಷ್ ಮಾಡಿ. ರಿಜಿಸ್ಟ್ರಾರ್ ಬದಲಿಸುವಾಗ ಕೇಳುವ ಗುಪ್ತ ಸಂಕೇತ, ಅಂದರೆ ಆಥ್ ಕೋಡ್, ಬೇಕಿಲ್ಲ, ಹಳೆಯ ರಿಜಿಸ್ಟ್ರಾರ್‌ನ ಒಪ್ಪಿಗೆಗಾಗಿ ಐದು ದಿನ ಕಾಯುವುದೂ ಇಲ್ಲ. ಮೊದಲು ಎಸ್ಕ್ರೋದವರಿಗೆ ತಿಳಿಸಿ, ವ್ಯವಹಾರದ ವಿವರದಲ್ಲಿ ಹಸ್ತಾಂತರದ ವಿಧಾನವನ್ನು ಬದಲಿಸಿಕೊಳ್ಳಿ. ಇದನ್ನು ಮರೆಯಲೇಬೇಡಿ, ಹಣ ಬಿಡುಗಡೆ ಮಾಡುವವರು ನೋಡುವುದು ಆ ವಿವರವನ್ನೇ.

ಕಾಫಿತೋಟ
ತುಂಬಾ ಉಪಕಾರವಾಯಿತು. ಖರೀದಿದಾರರು ಖಾತೆ ತೆರೆಯಲು ಒಪ್ಪಿದ್ದಾರೆ. ಉಳಿದಿರುವ 50 ಚಿಲ್ಲರೆ ದಿನ ಮುಗಿದ ಕೂಡಲೇ ತಮ್ಮ ರಿಜಿಸ್ಟ್ರಾರ್‌ಗೆ ಒಯ್ಯುತ್ತಾರಂತೆ.

ಹಳೆಬೇರು
ಅಲ್ಲೊಂದು ತೊಡಕಿದೆ, ಈಗಲೇ ಹೇಳಿಬಿಡಿ. ಪುಷ್ ಆದ ಮೇಲೆ ನೋಂದಣಿ ಅವರ ಹೆಸರಿಗೆ ಬದಲಾಗುತ್ತದೆಯಲ್ಲ, ಅದೂ ನೋಂದಣಿದಾರರ ಬದಲಾವಣೆಯೇ. ತಡೆ ಬೇಡ ಎನ್ನುವ ಆಯ್ಕೆ ನಿಮ್ಮ ರಿಜಿಸ್ಟ್ರಾರ್‌ನಲ್ಲಿ ಇಲ್ಲದಿದ್ದರೆ ಅಂದಿನಿಂದ ಹೊಸದಾಗಿ 60 ದಿನ ಶುರುವಾಗುತ್ತದೆ. ಹಾಗೆಂದು ಅವರ ಕೆಲಸವೇನೂ ನಿಲ್ಲುವುದಿಲ್ಲ. ನೇಮ್‌ಸರ್ವರ್ (ಡೊಮೈನನ್ನು ಜಾಲತಾಣಕ್ಕೆ ಜೋಡಿಸುವ ಸರ್ವರ್) ಬದಲಿಸಬಹುದು, ಜಾಲತಾಣವನ್ನು ಅದೇ ದಿನ ನಡೆಸಬಹುದು, ಮೇಲ್ ಹೊಂದಿಸಿಕೊಳ್ಳಬಹುದು. ಇಷ್ಟನ್ನು ಇಮೇಲ್‌ನಲ್ಲಿ ಬರೆದು ಅವರ ಒಪ್ಪಿಗೆ ಪಡೆದಿಡಿ.

ತುಂಗಾತೀರ
ಡಾಟ್ ಇನ್ ಹೆಸರಿಗೂ ಇದೇ ನಿಯಮವೇ?

ಹಳೆಬೇರು
ಅಲ್ಲ. ಡಾಟ್ ಇನ್ ನಮ್ಮ ದೇಶದ ನಿಕ್ಸಿ ಸಂಸ್ಥೆಯ ಅಡಿಯಲ್ಲಿದೆ, ಐಕಾನ್‌ನ ಈ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಮಾರುವ ಮುನ್ನ ನಿಮ್ಮ ರಿಜಿಸ್ಟ್ರಾರ್‌ನ ಷರತ್ತು ಓದಿಕೊಳ್ಳಿ.

ಕಾಫಿತೋಟ
ಪುಷ್ ಆಯಿತು, ಹೆಸರು ಅವರ ಖಾತೆಯಲ್ಲಿ ಕಾಣಿಸುತ್ತಿದೆ. ಆದರೆ ವರ್ಗಾವಣೆಯಾದರೆ ಒಂದು ವರ್ಷ ಸೇರಬೇಕಿತ್ತಲ್ಲ ಎಂದು ಕೇಳುತ್ತಿದ್ದಾರೆ.

ಹಳೆಬೇರು
ಡಾಟ್ ಕಾಂಗೆ ಒಂದು ವರ್ಷ ಸೇರುವುದು ರಿಜಿಸ್ಟ್ರಾರ್ ಬದಲಾದಾಗ ಮಾತ್ರ, ಪುಷ್‌ನಲ್ಲಿ ಅವಧಿ ಇದ್ದಷ್ಟೇ ಇರುತ್ತದೆ. ಅವಧಿ ಮುಗಿಯುವ ತಾರೀಕನ್ನು ಅವರಿಗೆ ತಿಳಿಸಿ. ಹತ್ತಿರವಿದ್ದರೆ ಅವರು ಅಲ್ಲೇ ನವೀಕರಿಸಿಕೊಳ್ಳಲಿ, ಲಾಕ್ ಅದಕ್ಕೆ ಅಡ್ಡಿಯಲ್ಲ.