ಸೇನೆಯ ‘ತೆರವು’, ‘ಹಿಂಪಡೆತ’, ‘ಹಿಂತೆಗೆತ’: ಯಾವುದು ಸರಿ?

ದಾವಣಗೆರೆಯಿಂದ ಪ್ರಶ್ನೆ:
ಪಿಯು ಮಕ್ಕಳ ಚರ್ಚಾಸ್ಪರ್ಧೆಗೆ ‘ಆಕ್ರಮಿತ ದೇಶದಿಂದ ವಿದೇಶಿ ಪಡೆಗಳ ತೆರವು ಯಾವಾಗ?’ ಎಂಬ ವಿಷಯ ಇಟ್ಟಿದ್ದೇವೆ. ‘ತೆರವು’ ಸರಿಯೇ, ‘ಹಿಂಪಡೆತ’ ಅಥವಾ ‘ಹಿಮ್ಮೆಟ್ಟುವಿಕೆ’ ಬೇಕೇ? ‘ಆಕ್ರಮಿತ’ದ ಮೇಲೂ ಅನುಮಾನವಿದೆ. ತಿಳಿದವರು ಹೇಳಿ.

ಚಿತ್ರದುರ್ಗದಿಂದ ಉತ್ತರ:
ಮೇಡಂ, ‘ತೆರವು’ ಬೇಡ. ಆ ಪದ ಕಿವಿಗೆ ಬಿದ್ದರೆ ನಮ್ಮ ಕಡೆ ಕಣ್ಣಿಗೆ ಬರುವುದು ಒತ್ತುವರಿ, ಜೆಸಿಬಿ. ಕೂತವನನ್ನು ಬೇರೆಯವರು ಎಬ್ಬಿಸುವ ಕೆಲಸ ಅದು. ಜೊತೆಗೆ ಪ್ರವಾಹದಲ್ಲಿ ಸಿಕ್ಕ ಜನರನ್ನೂ ‘ತೆರವುಗೊಳಿಸುತ್ತಾರೆ’. 2021ರ ಆಗಸ್ಟ್‌ನಲ್ಲಿ ಕಾಬೂಲ್ ವಿಮಾನ ನಿಲ್ದಾಣದಿಂದ ನಾಗರಿಕರೂ ಹೊರಟರು, ಅಮೆರಿಕದ ಸೈನಿಕರೂ ಹೊರಟರು. ಎರಡಕ್ಕೂ ಒಂದೇ ಪದವಾದರೆ ಓದುಗ ಗೊಂದಲಕ್ಕೆ ಬೀಳುತ್ತಾನೆ.

‘ಹಿಮ್ಮೆಟ್ಟು’ ರಣರಂಗದ ಸೋಲಿನ ಮಾತು. ಅಫ್ಘಾನಿಸ್ತಾನದಿಂದ ಸೋವಿಯತ್ ಸೇನೆ ಹೊರಟದ್ದು 1988ರ ಜಿನೀವಾ ಒಪ್ಪಂದದ ವೇಳಾಪಟ್ಟಿಯಂತೆ: ಮೇ 15ಕ್ಕೆ ಆರಂಭ, ಆಗಸ್ಟ್ 15ರೊಳಗೆ ಅರ್ಧ, 1989ರ ಫೆಬ್ರವರಿ 15ಕ್ಕೆ ಮುಕ್ತಾಯ. ಇದನ್ನು ‘ಹಿಮ್ಮೆಟ್ಟಿತು’ ಎಂದು ಬರೆದರೆ ವರದಿಯ ಜೊತೆ ತೀರ್ಪೂ ಸೇರಿಬಿಡುತ್ತದೆ. ಚರ್ಚೆಯ ವಿಷಯದಲ್ಲೇ ತೀರ್ಪು ಇರಬಾರದಲ್ಲ.

‘ಹಿಂಪಡೆ’ ಅರ್ಜಿಗೆ, ನಾಮಪತ್ರಕ್ಕೆ, ಠೇವಣಿಗೆ ಚೆನ್ನ. ‘ಪಡೆಗಳನ್ನು ಹಿಂಪಡೆ’ ಎಂದರೆ ನಾಲಿಗೆ ತೊಡರುತ್ತದೆ. ಹಿಂದಿನ ಪಡೆ ಎಂದು ಓದಿಕೊಳ್ಳುವವರೂ ಇದ್ದಾರು! ‘ವಾಪಸ್’ ಆಡುಮಾತಿಗೆ ಸಾಕು, ಆದರೆ ಅದರಲ್ಲಿ ಊರಿಗೆ ಮರಳುವ ಧ್ವನಿ ಇದೆ. 2011ರ ಡಿಸೆಂಬರ್ 18ರಂದು ಇರಾಕ್ ಬಿಟ್ಟ ಅಮೆರಿಕದ ಕೊನೆಯ ವಾಹನ ಸಾಲು ಹೋದದ್ದು ಊರಿಗಲ್ಲ, ಗಡಿ ದಾಟಿ ಕುವೈತ್‌ಗೆ.

ನನ್ನ ಮತ ‘ಹಿಂತೆಗೆತ’ಕ್ಕೆ. ಸಕರ್ಮಕ ಕ್ರಿಯೆ ಎಂಬುದು ನೆನಪಿರಲಿ: ಸರ್ಕಾರ ಸೇನೆಯನ್ನು ಹಿಂತೆಗೆಯಿತು, ಸೇನೆ ಹೊರಟಿತು. ‘ಸೇನೆ ಹಿಂತೆಗೆಯಿತು’ ಎಂಬ ತಲೆಬರಹ ತಪ್ಪು.

ಮಕ್ಕಳು ಹೆಚ್ಚು ಎಡವುವುದು ‘ಕಡಿತ’ದಲ್ಲಿ. ಅಮೆರಿಕ ಮತ್ತು ತಾಲಿಬಾನ್ ನಡುವಿನ 2020ರ ದೋಹಾ ಒಪ್ಪಂದ ಮೊದಲ 135 ದಿನಗಳಲ್ಲಿ ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ಸೈನಿಕರನ್ನು 8,600ಕ್ಕೆ ಇಳಿಸಬೇಕೆಂದಿತು, ಅದು ಕಡಿತ. 14 ತಿಂಗಳಲ್ಲಿ ಎಲ್ಲರೂ ಹೊರಡಬೇಕೆಂದಿತು, ಅದು ಹಿಂತೆಗೆತ. ಇರಾಕ್‌ನೊಂದಿಗಿನ 2008ರ ಒಪ್ಪಂದದಲ್ಲೂ ಇಂಥದ್ದೇ ಎರಡು ಗಡುವು: ಕಾದಾಡುವ ಪಡೆಗಳು ನಗರ, ಹಳ್ಳಿಗಳಿಂದ ಹೊರಹೋಗಲು 2009ರ ಜೂನ್ 30, ಎಲ್ಲ ಪಡೆಗಳೂ ದೇಶ ಬಿಡಲು 2011ರ ಡಿಸೆಂಬರ್ 31. ‘ಯಾವಾಗ’ ಎಂದು ಕೇಳುವಾಗ ಯಾವ ಗಡುವು ಎಂದು ಹೇಳದಿದ್ದರೆ ಇಬ್ಬರು ವಾದಿಗಳು ಬೇರೆ ಬೇರೆ ದಿನಾಂಕ ಹಿಡಿದು ಕೂಗಾಡುತ್ತಾರೆ.

ಇನ್ನು ‘ಆಕ್ರಮಿತ’. ಆಕ್ರಮಣ ಎಂದರೆ ದಾಳಿ. ಯುದ್ಧದ ನಡವಳಿಕೆ ಕುರಿತ 1907ರ ಹೇಗ್ ನಿಯಮದ 42ನೇ ವಿಧಿಯಂತೆ ಬರೀ ದಾಳಿ ಸಾಲದು, ಆ ನೆಲ ವಾಸ್ತವವಾಗಿ ಶತ್ರುಸೇನೆಯ ಅಧಿಕಾರಕ್ಕೆ ಒಳಪಟ್ಟಿರಬೇಕು. ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೋಟೆಗೆ ಮುತ್ತಿಗೆ ಹಾಕುವುದೇ ಬೇರೆ, ಕೋಟೆ ಕೈವಶವಾಗುವುದೇ ಬೇರೆ. ಪತ್ರಿಕೆಗಳಲ್ಲಿ ‘ಆಕ್ರಮಿತ’ ಬೇರೂರಿರುವುದರಿಂದ ತಪ್ಪೆನ್ನಲಾರೆ. ‘ಹಿಡಿತದಲ್ಲಿರುವ’ ಇನ್ನೂ ಸ್ಪಷ್ಟ.

ಅನುವಾದ ಮಾಡುವವರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 242ನೇ ನಿರ್ಣಯವನ್ನು (1967) ನೋಡಬೇಕು. ಇಸ್ರೇಲ್ ಸೇನೆ ಹೊರಡಬೇಕಾದ ‘ಪ್ರದೇಶಗಳ’ ಹಿಂದೆ ಇಂಗ್ಲಿಷ್ ಪಾಠದಲ್ಲಿ ‘ದಿ’ ಇಲ್ಲ, ಫ್ರೆಂಚ್ ಪಾಠದಲ್ಲಿ ಅದಕ್ಕೆ ಸಮನಾದದ್ದು ಇದೆ. ಎಲ್ಲ ಪ್ರದೇಶಗಳೋ ಕೆಲವೋ ಎಂಬ ಜಗಳ ಅಲ್ಲಿಂದಲೇ. ಕನ್ನಡದಲ್ಲಿ ‘ಪ್ರದೇಶಗಳಿಂದ’ ಎಂದರೆ ಎರಡಕ್ಕೂ ಎಡೆಯುಂಟು. ‘ಎಲ್ಲ’ ಸೇರಿಸಿದಿರೋ, ಒಂದು ಪಕ್ಷ ಹಿಡಿದಂತೆ.

ವಿಷಯ ಹೀಗಿರಲಿ: ‘ತಮ್ಮ ಹಿಡಿತದಲ್ಲಿರುವ ದೇಶದಿಂದ ವಿದೇಶಗಳು ಸೇನೆಯನ್ನು ಪೂರ್ತಿಯಾಗಿ ಹಿಂತೆಗೆಯಬೇಕಾದುದು ಯಾವಾಗ?’ ‘ಪೂರ್ತಿಯಾಗಿ’ಯನ್ನು ಮಾತ್ರ ಬಿಡಬೇಡಿ.