ವೈದ್ಯರನ್ನು ಕೇಳಿ: ಇಂಟರ್‌ಫೆರಾನ್, ಅದು ಎಬ್ಬಿಸುವ ಪ್ರೋಟೀನ್‌ಗಳು, ಕ್ಯಾನ್ಸರ್

ವಿದ್ಯಾರ್ಥಿನಿ: ನಮಸ್ಕಾರ ಮೇಡಂ. ಇಂಟರ್‌ಫೆರಾನ್‌ನಿಂದ ಹುಟ್ಟುವ ಪ್ರೋಟೀನ್‌ಗಳು ಕ್ಯಾನ್ಸರ್ ತಡೆಯುತ್ತವೆಯೇ, ಬೆಳೆಸುತ್ತವೆಯೇ?

ವೈದ್ಯೆ: ಎರಡೂ ಹೌದು. ವಿಜ್ಞಾನಿಗಳಾದ ಐಸಾಕ್ಸ್ ಮತ್ತು ಲಿಂಡೆನ್‌ಮನ್ 1957ರಲ್ಲಿ ಇಂಟರ್‌ಫೆರಾನ್ ಅನ್ನು ಗುರುತಿಸಿದ್ದು ವೈರಸ್ ತಡೆಯುವ ವಸ್ತುವಾಗಿ. ಇದು ಜೀವಕೋಶಕ್ಕೆ ತಗುಲಿದರೆ ನೂರಾರು ಜೀನ್‌ಗಳು ಚುರುಕಾಗುತ್ತವೆ. ಅವುಗಳಿಂದ ಹುಟ್ಟುವ ಎಂಎಚ್‌ಸಿ ಪ್ರೋಟೀನ್‌ಗಳು ಗೆಡ್ಡೆಯ ಗುರುತನ್ನು ಟಿ ಕೋಶಗಳಿಗೆ, ಅಂದರೆ ಕೆಟ್ಟ ಕೋಶಗಳನ್ನು ಕೊಲ್ಲುವ ರಕ್ಷಣಾ ಕೋಶಗಳಿಗೆ, ತೋರಿಸಿಕೊಡುತ್ತವೆ. ಪಿಡಿ-ಎಲ್1 ಎಂಬ ಇನ್ನೊಂದು ಪ್ರೋಟೀನ್ ಅದೇ ಟಿ ಕೋಶಗಳ ಕೈ ಕಟ್ಟಿಹಾಕುತ್ತದೆ.

ಸದಸ್ಯ: ‘ಇಂಟರ್‌ಫೆರಾನ್ ಹೆಚ್ಚಿಸುವ ಬೇರಿನ ಪುಡಿ, ಖಾಲಿ ಹೊಟ್ಟೆಗೆ ಒಂದು ಚಮಚ, ಗೆಡ್ಡೆ ಮಾಯ’ ಎಂಬ ಸಂದೇಶ ಬಂದಿದೆ. ನಿಜವೇ?

ವೈದ್ಯೆ: ಸುಳ್ಳು. ಯಾರಿಗೂ ಕೊಡಬೇಡಿ.

ರೋಗಿಯ ಮಗಳು: ತಂದೆಯವರಿಗೆ ಪಾಲಿಸೈಥೀಮಿಯಾ ವೀರಾ, ಕೆಂಪು ರಕ್ತಕಣ ಮಿತಿಮೀರಿ ಹುಟ್ಟುವ ನಿಧಾನಗತಿಯ ರಕ್ತದ ಕ್ಯಾನ್ಸರ್. ಇಂಟರ್‌ಫೆರಾನ್ ಆಲ್ಫಾ ಚುಚ್ಚುಮದ್ದು ನಡೆಯುತ್ತಿದೆ, ರಕ್ತದ ವರದಿ ಚೆನ್ನಾಗಿದೆ. ಆದರೆ ರಾತ್ರಿ ನಿದ್ದೆಯಿಲ್ಲ. ಮಡಿಸಿಟ್ಟ ಪತ್ರಿಕೆಯನ್ನು ಬಿಡಿಸುವುದೂ ಇಲ್ಲ. ನಿನ್ನೆ ‘ನಾನಿದ್ದು ಯಾರಿಗೇನು ಪ್ರಯೋಜನ’ ಎಂದರು. ವಯಸ್ಸಿನ ಬೇಸರವೇ?

ವೈದ್ಯೆ: ದಯವಿಟ್ಟು ವಯಸ್ಸಿನ ಮೇಲೆ ಹಾಕಬೇಡಿ. ಖಿನ್ನತೆ ಈ ಔಷಧದ ಗೊತ್ತಿರುವ ಅಡ್ಡಪರಿಣಾಮ. ರಕ್ತದ ವರದಿ ಎಷ್ಟೇ ಚೆನ್ನಾಗಿದ್ದರೂ ಬರಬಹುದು. ಈಗಲೇ ಅವರ ವೈದ್ಯರಿಗೆ ಫೋನ್ ಮಾಡಿ, ಅವರು ಹೇಳುವವರೆಗೆ ಮುಂದಿನ ಚುಚ್ಚುಮದ್ದು ಬೇಡ. ಸಾಯುವ ಯೋಚನೆ ಬರುತ್ತಿದೆಯೇ ಎಂದು ತಂದೆಯವರನ್ನು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆಂಬ ಭಯ ಬೇಡ. ಹೌದು ಎಂದರೆ ಒಬ್ಬರನ್ನೇ ಬಿಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಮಾತ್ರೆಗಳು ಕೈಗೆ ಸಿಗದಂತಿರಲಿ. ಥೈರಾಯ್ಡ್ ಪರೀಕ್ಷೆಯೂ ಆಗಬೇಕು. ಈ ಔಷಧ ಅದನ್ನೂ ಕೆಡಿಸಬಲ್ಲದು. ಚುಚ್ಚುಮದ್ದು ನಿಂತ ಮಾತ್ರಕ್ಕೆ ಮನಸ್ಸು ಮರುದಿನವೇ ತಿಳಿಯಾಗುವುದಿಲ್ಲ, ಹಾಗಾಗಿ ಮನೋವೈದ್ಯರೂ ನೋಡಲಿ.

ಇಂಟರ್‌ಫೆರಾನ್ ಐಡಿಒ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದು ಆಹಾರದಿಂದ ಸಿಗುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಒಡೆಯುತ್ತದೆ. ಮೆದುಳು ಮನಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ತಯಾರಿಸುವುದು ಅದೇ ಟ್ರಿಪ್ಟೊಫಾನ್‌ನಿಂದ. ಖಿನ್ನತೆಗೆ ಇದೂ ಒಂದು ಕಾರಣವಿರಬಹುದು ಎಂಬ ವಾದವಿದೆ. ಗೆಡ್ಡೆಗಳೂ ಈ ಕಿಣ್ವವನ್ನೇ ಬಳಸಿ ಟಿ ಕೋಶಗಳನ್ನು ಸೊರಗಿಸುತ್ತವೆ.

ವಿದ್ಯಾರ್ಥಿನಿ: ಹಾಗಾದರೆ ಐಡಿಒ ತಡೆದರೆ ಸಾಕಲ್ಲವೇ?

ವೈದ್ಯೆ: ಎಲ್ಲರಿಗೂ ಹಾಗೇ ಅನ್ನಿಸಿತ್ತು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ರೋಗಿಗಳಲ್ಲಿ ಐಡಿಒ ತಡೆಯುವ ಎಪಕಾಡೊಸ್ಟ್ಯಾಟ್ ಅನ್ನು, ಟಿ ಕೋಶಗಳ ಕಟ್ಟು ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಜೊತೆ ಕೊಟ್ಟು ನೋಡಿದ ದೊಡ್ಡ ಪ್ರಯೋಗ 2018ರಲ್ಲಿ ಸೋತಿತು.

ನಿವೃತ್ತ ಶಿಕ್ಷಕ: ನೋಡಿ, ಔಷಧವೇ ಮನಸ್ಸು ಕೆಡಿಸುತ್ತದೆ. ಅದಕ್ಕಿಂತ ಆ ಪುಡಿಯೇ ವಾಸಿ.

ಇನ್ನೊಬ್ಬ ಸದಸ್ಯೆ: ಸರ್, ಒಬ್ಬ ಮಗಳು ಕಂಗಾಲಾಗಿದ್ದಾಳೆ. ಪುಡಿ ಮಾರುವ ಜಾಗ ಇದಲ್ಲ.

ನಿವೃತ್ತ ಶಿಕ್ಷಕ: ನಾನು ಮಾರುತ್ತಿಲ್ಲ. ಮಾತಿನ ಮೇಲೆ ಹಿಡಿತವಿರಲಿ.

ಇನ್ನೊಬ್ಬ ಸದಸ್ಯೆ: ಹಿಡಿತ ಮೊದಲು ನಿಮಗಿರಲಿ.



ನಿವೃತ್ತ ಶಿಕ್ಷಕ: ರೋಗನಿರೋಧಕ ಶಕ್ತಿ ಹೆಚ್ಚಾದರೆ ತಪ್ಪೇನು? ಡಾಕ್ಟರ್ ಹೇಳಲಿ.

ವೈದ್ಯೆ: ಹೆಚ್ಚಿಸಿದ್ದೆಲ್ಲ ಒಳಿತಲ್ಲ, ಪಿಡಿ-ಎಲ್1 ಬಗ್ಗೆ ಮೇಲೆಯೇ ಬರೆದಿದ್ದೇನೆ. ಇಂಟರ್‌ಫೆರಾನ್‌ನಿಂದಲೇ ಯಕೃತ್ತಿಗೆ ತೊಂದರೆಯಾಗಬಹುದು. ಅದರ ಮೇಲೆ ಒಳಗೇನಿದೆಯೆಂದೇ ಗೊತ್ತಿಲ್ಲದ ಪುಡಿ ತಿನ್ನಿಸಿದರೆ ಪೆಟ್ಟು ರೋಗಿಗೆ, ಸಂದೇಶ ಕಳಿಸಿದವರಿಗಲ್ಲ. ವಾದ ನಿಲ್ಲಿಸಿ. ಮಗಳೇ, ವೈದ್ಯರು ಸಿಕ್ಕರೇ?

ರೋಗಿಯ ಮಗಳು: ಸಿಕ್ಕರು. ತಂದೆಯವರನ್ನು ಕೇಳಿದೆ, ಹೌದು ಎಂದರು. ಈಗಲೇ ಹೊರಡುತ್ತಿದ್ದೇವೆ.

ವೈದ್ಯೆ: ಹೊರಡಿ. ಅವರಾಡಿದ ಮಾತನ್ನು ಅವರಾಡಿದಂತೆಯೇ ಅಲ್ಲಿ ಹೇಳಿ, ಮೆದುಗೊಳಿಸಬೇಡಿ.

ಹೊಸ ಸದಸ್ಯ: ಮೇಡಂ, ಬೇರಿನ ಪುಡಿಯ ಸಂದೇಶ ಬಂದಿದೆ, ನಿಜವೇ?

ವೈದ್ಯೆ: ಮೇಲೆ ಓದಿ.