ಅಮೆರಿಕಕ್ಕೆ ಹೊಸಬರು, ಕಾರು ಇನ್ಶೂರೆನ್ಸ್: ಏಜೆಂಟ್ ಶೈಲಾ ಅವರನ್ನು ಕೇಳಿ

ಅಡ್ಮಿನ್: ಕ್ಯಾಲಿಫೋರ್ನಿಯಾದಲ್ಲಿ ಇನ್ಶೂರೆನ್ಸ್ ಏಜೆಂಟ್ ಆಗಿರುವ ಶೈಲಾ ಅವರು ಇವತ್ತು ಸಂಜೆ ಗುಂಪಿನಲ್ಲಿರುತ್ತಾರೆ. ಹೊಸದಾಗಿ ಬಂದವರು ಕಾರು ಇನ್ಶೂರೆನ್ಸ್ ಬಗ್ಗೆ ಏನು ಬೇಕಾದರೂ ಕೇಳಿ. ಪಾಲಿಸಿ ನಂಬರ್, ಫೋನ್ ನಂಬರ್ ಮಾತ್ರ ಹಾಕಬೇಡಿ.

ಪ್ರವೀಣ್: ನಮಸ್ಕಾರ ಮೇಡಂ. ಎಚ್-1ಬಿ ಕೆಲಸದ ವೀಸಾ ಮೇಲೆ ಬಂದಿದ್ದೇನೆ. ಊರಲ್ಲಿ ವರ್ಷಗಟ್ಟಲೆ ಕಾರು ಓಡಿಸಿದ್ದೇನೆ, 50% ನೋ ಕ್ಲೈಮ್ ಬೋನಸ್ ಇತ್ತು. ಇಲ್ಲಿ ನೋಡಿದರೆ ನಿನ್ನೆ ತಾನೇ ಸ್ಟೀರಿಂಗ್ ಹಿಡಿದವನಿಗೆ ಕೊಡುವ ಕೋಟ್ ಕೊಡುತ್ತಿದ್ದಾರೆ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇದೆ, ಅದು ಸಾಲದಾ?

ಶೈಲಾ: ನಮಸ್ಕಾರ. ಆ ಪರ್ಮಿಟ್ ಲೈಸೆನ್ಸ್ ಅಲ್ಲ, ಲೈಸೆನ್ಸ್ ಜೊತೆ ಇಟ್ಟುಕೊಳ್ಳುವ ಕಾಗದ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರು 10 ದಿನದೊಳಗೆ ಇಲ್ಲಿನ ಲೈಸೆನ್ಸ್ ವ್ಯವಸ್ಥೆ ಮಾಡಿಕೊಳ್ಳಬೇಕು. ಕಂಪನಿಯವರು ದರ ಹಾಕುವಾಗ ಡಿಎಂವಿ (ನಮ್ಮ ಆರ್‌ಟಿಒ ಥರದ ಇಲ್ಲಿನ ಇಲಾಖೆ) ದಾಖಲೆ, ಹಳೆಯ ಕ್ಲೈಮ್ ವರದಿ ನೋಡುತ್ತಾರೆ. ನಿಮ್ಮ ಹೆಸರು ಎರಡರಲ್ಲೂ ಇಲ್ಲ, ಅದಕ್ಕೇ ಹೊಸ ಡ್ರೈವರ್ ದರ. ಬೋನಸ್ ತಾನಾಗಿ ಇಲ್ಲಿಗೆ ಬರುವುದಿಲ್ಲ. ಆದರೆ ಹೊರದೇಶದ ಅನುಭವವನ್ನು ಲೆಕ್ಕಕ್ಕೆ ತಗೊಳ್ಳುವ ಕಂಪನಿಗಳಿವೆ. ಲೈಸೆನ್ಸ್ ಮೊದಲು ಕೊಟ್ಟ ದಿನಾಂಕ ಇರುವ ಪತ್ರವನ್ನು ಆರ್‌ಟಿಒದಿಂದ ತರಿಸಿ. ಹಳೆಯ ಇನ್ಶೂರೆನ್ಸ್ ಕಂಪನಿಯಿಂದ ಕ್ಲೈಮ್ ಇಲ್ಲ ಎಂಬ ಪತ್ರವೂ ಇರಲಿ. ಆನ್‌ಲೈನ್ ಫಾರ್ಮ್ ನಂಬಿ ಕೂರಬೇಡಿ, ಫೋನ್ ಮಾಡಿ ಕೇಳಿ.

ದೀಪಾ: ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ಬಂದಿಲ್ಲ, ಕ್ರೆಡಿಟ್ ಸ್ಕೋರೂ ಇಲ್ಲ. ಜಾಸ್ತಿ ಹಾಕ್ತಾರಾ?

ಶೈಲಾ: ಕ್ಯಾಲಿಫೋರ್ನಿಯಾ, ಹವಾಯಿ, ಮ್ಯಾಸಚೂಸೆಟ್ಸ್‌ನಲ್ಲಿ ಕ್ರೆಡಿಟ್ ನೋಡಿ ದರ ಹಾಕುವ ಹಾಗಿಲ್ಲ. ಟೆಕ್ಸಾಸ್‌ನಲ್ಲಿ ನೋಡುತ್ತಾರೆ. ಎಸ್‌ಎಸ್‌ಎನ್ ಇಲ್ಲದೆಯೂ ಪಾಲಿಸಿ ಕೊಡುವವರಿದ್ದಾರೆ.

ಸಂತು: ಮೇಡಂ, ಇದು ನಿಜಾನಾ? ಬೇರೆ ಗುಂಪಿನಲ್ಲಿ ಬಂತು: "ಹೊಸಬರೇ ಗಮನಿಸಿ!! ಪ್ರೀಮಿಯಂ ಕಡಿಮೆ ಇರುವ ಜಿಪ್ ಕೋಡ್‌ನ ಸ್ನೇಹಿತರ ವಿಳಾಸ ಕೊಡಿ. ಹೆಂಡತಿ ಹೆಸರು ಬಿಟ್ಟುಬಿಡಿ. ಸ್ಟೇಟ್ ಮಿನಿಮಮ್ ಸಾಕು. ಎಲ್ಲರಿಗೂ ಕಳಿಸಿ."

ಶೈಲಾ: ಈ ಮೆಸೇಜ್ ವರ್ಷಕ್ಕೊಮ್ಮೆ ಸುತ್ತು ಹೊಡೆದು ಬರುತ್ತದೆ. ಮೊದಲ ಎರಡು ಸಲಹೆ ಸುಮ್ನೆ ಸುಳ್ಳು ಹೇಳಿ ಅಂತ. ಕಾರು ರಾತ್ರಿ ಎಲ್ಲಿ ನಿಲ್ಲುತ್ತದೋ ಅದೇ ವಿಳಾಸ ಕೊಡಬೇಕು. ಮನೆಯಲ್ಲಿ ಓಡಿಸುವವರೆಲ್ಲರ ಹೆಸರು ಹೇಳಬೇಕು. ಸುಳ್ಳು ಗೊತ್ತಾಗುವುದು ಕ್ಲೈಮ್ ಹಾಕಿದ ದಿನ. ಆಗ ಪಾಲಿಸಿಯನ್ನೇ ಮೊದಲಿಂದ ರದ್ದು ಮಾಡಬಹುದು. ಇನ್ನು ಮಿನಿಮಮ್ ವಿಷಯ, ಅಂದರೆ ಎದುರಿನವರ ನಷ್ಟಕ್ಕೆ ಅಂತ ಕಾನೂನು ಕೇಳುವ ಕನಿಷ್ಠ ಇನ್ಶೂರೆನ್ಸ್. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಬ್ಬರ ಗಾಯಕ್ಕೆ 30,000 ಡಾಲರ್, ಎಲ್ಲರಿಗೂ ಸೇರಿ 60,000, ಆಸ್ತಿ ನಷ್ಟಕ್ಕೆ 15,000. ಅದಕ್ಕೂ ಮುಂಚೆ ಆಸ್ತಿಗೆ ಬರೀ 5,000 ಇತ್ತು. ರಸ್ತೆಯಲ್ಲಿ ನಿಮ್ಮ ಮುಂದೆ ಹೋಗುವ ಕಾರಿನ ಬೆಲೆ ಎಷ್ಟು ಅಂತ ನೋಡಿಕೊಳ್ಳಿ. ಮಿಕ್ಕಿದ್ದನ್ನು ನೀವು ಕೊಡಬೇಕು.

ಗಿರೀಶ್: ನಾನು ಬಂದಾಗಿನಿಂದ ಮಿನಿಮಮ್ಮೇ. ಏನೂ ಆಗಿಲ್ಲ. ಏಜೆಂಟ್‌ಗಳು ಹೆದರಿಸೋದು ಕಮಿಷನ್‌ಗೆ.

ವೀಣಾ: ಏನೂ ಆಗಿಲ್ಲ ಅಂದ್ರೆ ಇನ್ಶೂರೆನ್ಸೇ ಬೇಡ ಅಲ್ವಾ ಗಿರೀಶಣ್ಣ?

ಲತಾ: ನನ್ನ ಹತ್ತಿರ ಕಾರಿಲ್ಲ. ಯಾವಾಗಲಾದರೂ ಬಾಡಿಗೆಗೆ ತಗೊಳ್ಳುತ್ತೇನೆ. ನಾನ್-ಓನರ್ ಪಾಲಿಸಿ (ಸ್ವಂತ ಕಾರಿಲ್ಲದವರ ಪಾಲಿಸಿ) ತಗೊಂಡರೆ ಮುಂದೆ ದರ ಕಡಿಮೆ ಆಗುತ್ತಾ?

ರಘು: ಮೇಡಂ, ತುರ್ತು. ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದು ನಾಲ್ಕು ತಿಂಗಳಾಯಿತು. ಅಪ್ಪ ದಿನಾ ನನ್ನ ಕಾರಿನಲ್ಲಿ ಮೊಮ್ಮಗನನ್ನು ಸ್ಕೂಲಿಗೆ ಬಿಡುತ್ತಾರೆ. ಪಾಲಿಸಿಯಲ್ಲಿ ನಾನು, ಹೆಂಡತಿ ಇಬ್ಬರೇ. ನಿನ್ನೆ ಅಂಗಡಿ ಪಾರ್ಕಿಂಗ್‌ನಲ್ಲಿ ರಿವರ್ಸ್ ತೆಗೆಯುವಾಗ ಇನ್ನೊಂದು ಕಾರಿಗೆ ತಾಗಿಸಿದರು. ಆ ಕಾರಿನಲ್ಲಿದ್ದ ಹೆಂಗಸು ಕುತ್ತಿಗೆ ನೋವು ಅನ್ನುತ್ತಿದ್ದಾರೆ. ಅಪ್ಪನ ಭಾರತದ ಲೈಸೆನ್ಸ್ ಚಾಲ್ತಿಯಲ್ಲಿದೆ. ಕಂಪನಿಗೆ ಇನ್ನೂ ಹೇಳಿಲ್ಲ. ನಾನೂ ಕ್ಯಾಲಿಫೋರ್ನಿಯಾದಲ್ಲೇ ಇರುವುದು.

ಶೈಲಾ: ರಘು ಅವರೇ, ಮೊದಲು ಯಾರಿಗೆ ಎಷ್ಟು ಪೆಟ್ಟಾಗಿದೆ ನೋಡಿಕೊಳ್ಳಿ, ನಿಮ್ಮ ತಂದೆಯವರಿಗೂ ಸೇರಿ. ಪ್ರವಾಸಕ್ಕೆ ಬಂದ 18 ದಾಟಿದವರು ತಮ್ಮ ದೇಶದ ಚಾಲ್ತಿ ಲೈಸೆನ್ಸ್ ಮೇಲೆ ಇಲ್ಲಿ ಓಡಿಸಬಹುದು. ಹಾಗಾಗಿ ಓಡಿಸಿದ್ದೇ ಕಾನೂನಿಗೆ ವಿರುದ್ಧ ಅಂತ ಹೆದರಬೇಡಿ.

ತೊಡಕಿರುವುದು ಪಾಲಿಸಿಯಲ್ಲಿ. ಯಾವಾಗಲೋ ಒಮ್ಮೆ ನಿಮ್ಮನ್ನು ಕೇಳಿ ಓಡಿಸಿದವರಿಗೆ ಸಾಮಾನ್ಯವಾಗಿ ನಿಮ್ಮ ಪಾಲಿಸಿ ಆಗುತ್ತದೆ. ತಿಂಗಳುಗಟ್ಟಲೆ ಮನೆಯಲ್ಲಿದ್ದು ದಿನಾ ಓಡಿಸುವವರ ಹೆಸರನ್ನು ಮೊದಲೇ ಸೇರಿಸಬೇಕಿತ್ತು ಅಂತ ಕಂಪನಿ ಹೇಳಬಹುದು. ಪಾಲಿಸಿ ತೆಗೆದು ‘ಪರ್ಮಿಸಿವ್ ಯೂಸರ್’ (ನಿಮ್ಮನ್ನು ಕೇಳಿ ಓಡಿಸುವವರು) ಭಾಗ ಓದಿ. ಕೆಲವು ಪಾಲಿಸಿಗಳಲ್ಲಿ ಅಂಥವರಿಗೆ ನೀವು ತಗೊಂಡ ದೊಡ್ಡ ಮೊತ್ತ ಸಿಗುವುದಿಲ್ಲ, ಸ್ಟೇಟ್ ಮಿನಿಮಮ್‌ಗೆ ಇಳಿಯುತ್ತದೆ. ಕುತ್ತಿಗೆ ನೋವು ಅಂದಿದ್ದಾರಲ್ಲ, ನನಗೆ ಚಿಂತೆ ಅದೇ.

ಇವತ್ತೇ ಕಂಪನಿಗೆ ಫೋನ್ ಮಾಡಿ. ಆಮೇಲೆ ಡಿಎಂವಿಗೆ ಅಪಘಾತ ವರದಿಯ ಎಸ್‌ಆರ್-1 ಫಾರ್ಮ್, 10 ದಿನದೊಳಗೆ. ಯಾರಿಗಾದರೂ ಗಾಯವಾಗಿದ್ದರೆ ಅಥವಾ ನಷ್ಟ 1,000 ಡಾಲರ್ ದಾಟಿದರೆ ಅದು ಕಡ್ಡಾಯ. ತಪ್ಪು ಯಾರದ್ದಾದರೂ ಸರಿ, ಪಾರ್ಕಿಂಗ್ ಜಾಗವಾದರೂ ಸರಿ. ಓಡಿಸಿದವರ ಹೆಸರು ಅದರಲ್ಲಿ ಬರೆಯಬೇಕು. ಅಪ್ಪ ಅಮ್ಮನಿಗೆ ವಿಸಿಟರ್ ಇನ್ಶೂರೆನ್ಸ್ ಮಾಡಿಸಿದ್ದರೆ ಅದು ಅವರ ಆಸ್ಪತ್ರೆ ಖರ್ಚಿಗೆ, ಎದುರಿನ ಕಾರಿಗಲ್ಲ. ಆ ಹೆಂಗಸಿಗೆ ಕೈಯಲ್ಲಿ ದುಡ್ಡು ಕೊಟ್ಟು ಮುಗಿಸೋಣ ಅನ್ನಬೇಡಿ. ಮುಂದೆ ವಕೀಲರ ಪತ್ರ ಬಂದಾಗ, ತಡವಾಗಿ ಹೇಳಿದಿರಿ ಅಂತ ನಿಮ್ಮ ಕಂಪನಿಯೇ ತಕರಾರು ತೆಗೆಯುತ್ತದೆ. ಇದು ಇತ್ಯರ್ಥ ಆಗುವವರೆಗೆ ಅಪ್ಪನಿಗೆ ಕಾರಿನ ಕೀ ಕೊಡಬೇಡಿ.

ಗಿರೀಶ್: ಇಷ್ಟು ರಾಮಾಯಣ ಯಾಕೆ? ರಘು, ನೀನೇ ಓಡಿಸ್ತಿದ್ದೆ ಅಂತ ಹೇಳಪ್ಪ. ಪಾರ್ಕಿಂಗ್‌ನಲ್ಲಿ ಯಾರು ನೋಡಿದ್ರು?

ವೀಣಾ: ಆ ಹೆಂಗಸು ನೋಡಿದ್ರು. ಅಂಗಡಿ ಕ್ಯಾಮೆರಾ ನೋಡ್ತು.

ಗಿರೀಶ್: ನೀನು ಬಂದು ಎಷ್ಟು ವರ್ಷ ಆಯ್ತಮ್ಮ? ನಾವು ಇಲ್ಲಿ ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿದವರು.

ವೀಣಾ: ಮದುವೆ ಮಾಡಿಸಿದ್ದಕ್ಕೂ ಕ್ಲೈಮ್‌ಗೂ ಏನ್ರೀ ಸಂಬಂಧ?

ಶೈಲಾ: ಗಿರೀಶ್ ಅವರೇ, ನೀವು ಹೇಳಿಕೊಡುತ್ತಿರುವುದು ಇನ್ಶೂರೆನ್ಸ್ ವಂಚನೆ. ಕ್ಯಾಲಿಫೋರ್ನಿಯಾದಲ್ಲಿ ಅದು ಕ್ರಿಮಿನಲ್ ಕೇಸ್. ವೀಸಾ ಮೇಲಿರುವವರಿಗೆ ವಂಚನೆ ಕೇಸಿನಲ್ಲಿ ಶಿಕ್ಷೆಯಾದರೆ ಇಮಿಗ್ರೇಷನ್‌ಗೂ ಪೆಟ್ಟು. ಅಪ್ಪನ ಒಂದು ಸಣ್ಣ ಅಪಘಾತವನ್ನು ಮಗನ ಕೇಸ್ ಮಾಡಿಸಬೇಡಿ. ಇನ್ನೊಮ್ಮೆ ಇಲ್ಲಿ ಹೀಗೆ ಬರೆದರೆ ನಾನು ಗುಂಪು ಬಿಡುತ್ತೇನೆ.

ಗಿರೀಶ್: ಬಿಡಿ. ಪುಕ್ಕಟೆ ಸಲಹೆಗೆ ಇಷ್ಟು ಜಂಬ.

ಅಡ್ಮಿನ್: ಗಿರೀಶ್ ಸರ್, ದಯವಿಟ್ಟು. ವೀಣಾ ಅವರೂ ಸಾಕು ಮಾಡಿ.

ವೀಣಾ: ನಾನೇನು ಮಾಡಿದೆ?

ಮಂಜು: ಹಾಯ್ ಮೇಡಂ, ಇಂಟರ್‌ನ್ಯಾಷನಲ್ ಪರ್ಮಿಟ್ ಇದ್ದರೆ ಸಾಕಾ?

ಶೈಲಾ: ಇಲ್ಲ. ಮೇಲೆ ಓದಿ.

ಸಂತು: ಇನ್ನೊಂದು ಬಂದಿದೆ ಮೇಡಂ, "ಭಾರತದ ಪಾಲಿಸಿ ಒಂದು ವರ್ಷ ಇಲ್ಲೂ ನಡೆಯುತ್ತದೆ"...

ಶೈಲಾ: ನಡೆಯುವುದಿಲ್ಲ. ಫಾರ್ವರ್ಡ್ ಇಲ್ಲಿ ಹಾಕಬೇಡಿ ಸಂತು.

ಲತಾ: ನಾನ್-ಓನರ್ ಪಾಲಿಸಿ ಬಗ್ಗೆ ಕೇಳಿದ್ದೆ.

ಗಿರೀಶ್: ಅವರು ಬಿಜಿ ಇದಾರಮ್ಮ, ಎಲ್ಲರಿಗೂ ಬುದ್ಧಿ ಹೇಳೋದ್ರಲ್ಲಿ.

ರಘು: ಮೇಡಂ, ಫೋನ್ ಮಾಡಿದೆ. ಅಪ್ಪನೇ ಓಡಿಸಿದ್ದು ಅಂತಲೇ ಹೇಳಿದೆ. ಸೋಮವಾರ ಅಡ್ಜಸ್ಟರ್ (ಕಂಪನಿ ಕಡೆಯಿಂದ ಕ್ಲೈಮ್ ವಿಚಾರಿಸುವವರು) ಅಪ್ಪನ ಹೇಳಿಕೆ ರೆಕಾರ್ಡ್ ಮಾಡ್ತಾರಂತೆ. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಎಲ್ಲದಕ್ಕೂ ‘ಎಸ್ ಎಸ್’ ಅಂದುಬಿಡ್ತಾರೆ.

ಶೈಲಾ: ಒಳ್ಳೆಯದಾಯಿತು. ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಈಗಲೇ ಇಮೇಲ್ ಮಾಡಿ, ಸೋಮವಾರದವರೆಗೆ ಕಾಯಬೇಡಿ. ಎಷ್ಟು ದಿನದಿಂದ ಓಡಿಸುತ್ತಿದ್ದಾರೆ ಅಂತ ಕೇಳೇ ಕೇಳುತ್ತಾರೆ. ಇದ್ದದ್ದನ್ನು ಹೇಳಲಿ. ನೆನಪಿಲ್ಲದ್ದನ್ನು ನೆನಪಿಲ್ಲ ಅನ್ನಲಿ, ಊಹೆ ಮಾಡುವುದು ಬೇಡ. ನೀವು ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡಬೇಡಿ, ರೆಕಾರ್ಡಿಂಗ್‌ನಲ್ಲಿ ಅದೂ ಕೇಳಿಸುತ್ತದೆ.